ಮಷಿನ್ ಪಕ್ಕದ ಮೊಲ

ಕಂಪ್ಲಿಯ ಪಂಪಾವತಿ ರವಿಕೆ ಹೊಲಿದು ಬದುಕುವ ಒಂಟಿ ಹೆಂಗಸು. ಸಾಕಿದ ಎರಡು ಮೊಲಗಳಲ್ಲಿ ಗಂಡು ಸತ್ತ ಮೇಲೆ ಹೆಣ್ಣು ಮೊಲ ಬೆಳ್ಳಿ ಗೋಡೆಗೆ ಮುಖ ಮಾಡಿ ಕೂತಿತು. ಹೊಲಿಗೆ ಮಷಿನ್ ಸದ್ದಿಗೆ ಹೆದರಿರಬೇಕೆಂದು ಅವಳು ಪಂಜರವನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಬೆಳ್ಳಿ ಇನ್ನಷ್ಟು ಮುದುಡಿತು. ಮೆಂತ್ಯೆ ಸೊಪ್ಪನ್ನೂ ಮೂಸಿ ಬಿಟ್ಟಿತು. ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಂಪಾವತಿ ಹೊಸಪೇಟೆಯ ಬಸ್ ಹತ್ತಿದಳು.

ಗಂಡು ಮೊಲ ಸತ್ತದ್ದನ್ನು ಕೇಳಿಕೊಂಡ ಪಶುವೈದ್ಯ ಶಂಭುಲಿಂಗ ಹಲ್ಲು, ಹೊಟ್ಟೆ ನೋಡಿ ಹಸಿವಾಗಲು ಔಷಧಿ ಹಾಕಿದರು. "ತಿನ್ನದ ಮೊಲಾನ ಒಂದಿನಾನೂ ಬಿಡಬಾರ್ದಮ್ಮ. ರೋಗ ಏನಿಲ್ಲ, ಜೊತಿ ಇಲ್ದ ಮಂಕಾಗೈತಿ. ಎಲ್ಲಿಟ್ಟೀರಿ?"

"ಮೊದ್ಲು ಮಷಿನ್ ಬಾಜು ಇತ್ರಿ. ಗದ್ಲ ಬ್ಯಾಡಂತ ಒಳಗಿಟ್ಟೀನಿ."

"ಅದಕ್ಕ ಆ ಗದ್ಲಾನ ಮನಿ ಇದ್ದಂಗ. ಒಬ್ರನ್ನ ಮೂಲ್ಯಾಗ ಕುಂದ್ರಿಸಿದ್ರ ನೀವಾದ್ರೂ ಉಣ್ತೀರೇನು?"

ದಿನವೂ ಒಲೆಯ ಮುಂದೆ ನಿಂತೇ ಉಂಡು ಮುಗಿಸುವ ಪಂಪಾವತಿ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

ಸಂಜೆ ಪಂಜರವನ್ನು ಮಷಿನ್ ಪಕ್ಕಕ್ಕೆ ತಂದು ಬಾಗಿಲು ತೆರೆದಳು. ತಾನೂ ನೆಲದ ಮೇಲೆ ಕೂತು ರವಿಕೆಗೆ ಹುಕ್ಸ್ ಹಚ್ಚತೊಡಗಿದಳು. ಬೆಳ್ಳಿಯನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಅದು ತಾನಾಗಿ ಹೊರಬಂದು ಅವಳ ಪಾದಕ್ಕೆ ಒತ್ತಿಕೊಂಡು ಕೂತು, ಸೊಪ್ಪಿನ ದಂಟೊಂದನ್ನು ಕಡಿಯಿತು. ಅವಳ ಕಾಲು ಜೋಮು ಹಿಡಿದಿತ್ತು. ದೀಪ ಹಾಕುವ ಹೊತ್ತು ಮೀರಿದರೂ ಪಂಪಾವತಿ ಏಳಲಿಲ್ಲ.