ತೇಗದ ಮೇಲೆ ಅರಿಶಿನ

ಬೊಮ್ಮನಹಳ್ಳಿಯ ಮರಗೆಲಸದ ಶೆಡ್ಡಿನಿಂದ ಆ ಸೈಡ್‌ಬೋರ್ಡು ನಮ್ಮ ಬೆಳ್ಳಂದೂರಿನ ಫ್ಲ್ಯಾಟಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಸೊಂಟದೆತ್ತರದ ತೇಗದ ಕಪಾಟು, ಸಣಕಲು ಕಾಲು, ಪಕ್ಕಕ್ಕೆ ಸರಿಯುವ ಬಾಗಿಲು, ಮೇಲೊಂದು ಡ್ರಾಯರ್. ಹಳೆಯದು, ಹಿಂದೆ ಡೆನ್ಮಾರ್ಕಿನಲ್ಲಿ ಯಾರದೋ ಊಟದ ಕೋಣೆಯಲ್ಲಿ ಬಾಳಿತ್ತಂತೆ. ರಿಪೇರಿ ಮಾಡಿದ ಮೇಸ್ತ್ರಿ ವಾರ್ನಿಷ್ ಬಳಿಯದೆ ಬರೀ ಎಣ್ಣೆ ಕುಡಿಸಿದ್ದರು. ವರ್ಷವೆಲ್ಲ ಆಸೆಪಟ್ಟು ಕೊಂಡದ್ದು. ನಾಲ್ಕು ಸಲ ಸವರಿ ಆಫೀಸಿಗೆ ಹೋದೆ.

"ಸಾಗವಾನಿ ನಮ್ಮ ಕಡೆ ಇರಲಿಲ್ಲೇನು?" ಎಂದಿದ್ದರು ಅತ್ತೆ. ಅವರು ರಾಣೆಬೆನ್ನೂರಿನಿಂದ ನಮ್ಮ ಜೊತೆಗಿರಲು ಬಂದು ಮೂರು ತಿಂಗಳಾಗಿತ್ತು.

ಸಂಜೆ ಬಂದು ನೋಡಿದರೆ ಬಾಗಿಲ ಮೇಲೆ ಮೂರೆಳೆ ವಿಭೂತಿ, ಅದರ ಕೆಳಗೆ ಕಲಸಿದ ಅರಿಶಿನ, ನಡುವೆ ಕುಂಕುಮ. ಮಿಕ್ಸಿ ಬರಲಿ, ಸ್ಕೂಟರ್ ಬರಲಿ, ಅವರಲ್ಲಿ ಮೊದಲು ಪೂಜೆ, ಆಮೇಲೆ ಬಳಕೆ. ಅವುಗಳ ಮೇಲಿನದು ಒರೆಸಿದರೆ ಹೋಗುತ್ತದೆ. ಈ ಮರ ಎಣ್ಣೆಯ ಜೊತೆ ಅರಿಶಿನವನ್ನೂ ಕುಡಿದುಬಿಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ; ಬೊಟ್ಟು ಅಂಗೈಯಗಲವಾಯಿತು.

ನನಗೆ ಮೂಗಿನ ಮೇಲೇ ಕೋಪ. "ಮುಟ್ಟೋಕೆ ಮುಂಚೆ ಒಂದ್ಮಾತು ಕೇಳ್ಬಾರ್ದಾ ಅತ್ತೆ?" ಎಂದು ಕೂಗಿಬಿಟ್ಟೆ.

ಅಂದಿನಿಂದ ಅತ್ತೆ ಎಲ್ಲವನ್ನೂ ಕೇಳತೊಡಗಿದರು. "ಈ ಲೋಟ ತೊಗೊಳ್ಳಲೇನವ್ವಾ?" "ಫ್ಯಾನ್ ಹಚ್ಚಲೇನು?" ಸೋಫಾ ಬಿಟ್ಟು ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದರು. ವಾರದೊಳಗೆ ನನ್ನ ಗಂಡನನ್ನು ಕರೆದು, ಮಗಳ ಮನೆಗೆ ಹೋಗುತ್ತೇನೆ, ಟಿಕೆಟ್ ತೆಗೆಸು ಎಂದರು. ಅವರು ಹೋಗುವುದು ನನಗೆ ಬೇಡವಾಗಿತ್ತು. ತಪ್ಪಾಯಿತು ಅನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಕಲೆ ಹೋದರೆ ಎಲ್ಲ ಸರಿಹೋದೀತು ಎಂದುಕೊಂಡು ಮೇಸ್ತ್ರಿಯನ್ನು ಕರೆಸಿದೆ.

ಅವರು ಕಲೆಯ ಮೇಲೆ ಬೆರಳಾಡಿಸಿ ನೋಡಿದರು. "ಮೇಲಿರೋದು ತೆಳ್ಳನೆ ತೇಗದ ಪದರ ಮೇಡಂ. ಇನ್ನೊಂದ್ಸಲ ಉಜ್ಜುದ್ರೆ ಕಿತ್ಕೊಂಡ್ಬರ್ತದೆ." ಆಮೇಲೆ ಡ್ರಾಯರ್ ಎಳೆದು, ನನ್ನ ಫೈಲು ಸರಿಸಿ, ತಳದಲ್ಲಿದ್ದ ನೀಲಿ ಇಂಕಿನ ಕಲೆ ತೋರಿಸಿದರು. "ಇದು ಆ ಡೆನ್ಮಾರ್ಕ್‌ನೋರ್ದು. ನಾನೇ ತೆಗೀಲಿಲ್ಲ. ಜನ ಬಾಳೋ ಮನೇಲಿ ಇರೋದೇ ಇಂಗೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮೇಸ್ತ್ರಿಯ ಎದುರಿಗೇ ಹೇಳಿದೆ: "ನಂದೇ ತಪ್ಪು ಅತ್ತೆ. ಒಂದು ಕಪಾಟಿಗೋಸ್ಕರ ನಿಮ್ಮನ್ನ ನೋಯಿಸ್ಬಿಟ್ಟೆ. ಹೋಗ್ಬೇಡಿ."

ಅತ್ತೆ ಮೇಸ್ತ್ರಿಯ ಕಡೆ ತಿರುಗಿದರು. "ಚಹಾ ಕುಡಿದು ಹೋಗ್ರಿ" ಎಂದು ಮೇಸ್ತ್ರಿಗೆ ಹೇಳಿ ಒಳಗೆ ಹೋದರು.

ಮರುದಿನ ಸಂಜೆ ಡ್ರಾಯರ್ ತೆರೆದರೆ ನನ್ನ ಚಾರ್ಜರು, ಫೈಲುಗಳು ಮಾಯ. ಅಲ್ಲಿ ಅತ್ತೆಯ ಬಿಪಿ ಮಾತ್ರೆ, ಕನ್ನಡಕದ ಡಬ್ಬಿ, ಶೇಂಗಾ ಚಟ್ನಿಪುಡಿಯ ಬಾಟಲಿ.

"ನನ್ನ ಫೈಲೆಲ್ಲಿ ಅತ್ತೆ?"

ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಮಂಚದ ಕೆಳಗ ಇಟ್ಟೀನಿ. ನನಗ ಜಾಗ ಬೇಕಾಗಿತ್ತು."

ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಮಂಚದ ಕೆಳಗೆ ಬಗ್ಗಿ ಫೈಲು ಹುಡುಕುವಾಗ ಖುಷಿಗೆ ನನ್ನ ಕಣ್ಣು ತುಂಬಿ ಬಂತು.