ಟವೆಲ್ ಕೆಳಗಿನ ದರ

ಆಳಂದ ಕಡೆಯ ಒಂದು ತೊಗರಿ ಮಾರುಕಟ್ಟೆಯಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ದರವನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕೆಂಬುದು ನಿಯಮ. ಆದರೆ ದಲಾಲಿಯೂ ವ್ಯಾಪಾರಿಯೂ ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿಯೇ ದರ ಮುಗಿಸುತ್ತಿದ್ದರು. ಮಾಲು ತಂದವರಿಗೆ ಕಾಣುತ್ತಿದ್ದುದು ಟವೆಲ್ ಮಾತ್ರ.

ಒಂದು ದಿನ ರೇಗಿ, "ಕೂಗಿ ಹೇಳ್ರಿ" ಎಂದೆ.

"ನಮ್ಮಪ್ಪನ ಕಾಲದಿಂದ ಹಿಂಗ ನಡದದ ಸಾಹೇಬ್ರ" ಎಂದು ವ್ಯಾಪಾರಿ ನಕ್ಕ.

ತೊಗರಿ ತಂದಿದ್ದ ಮಟಕಿ ಊರಿನ ಅಜ್ಜಿಯೊಬ್ಬಳು ಚೀಲದ ಮೇಲಿಂದ ಎದ್ದು ಬಂದಳು. ದಲಾಲಿಯನ್ನು ಪಕ್ಕಕ್ಕೆ ಸರಿಸಿ, ತನ್ನ ಕೈಯನ್ನೇ ಟವೆಲ್ ಕೆಳಗೆ ತೂರಿಸಿದಳು. "ಹಂಗಾರ ನನ್ನ ಬೆರಳು ಒತ್ರಿ ಸಾವ್ಕಾರ್ರ. ಮಾಲು ನಂದದ."

ಪರಹೆಣ್ಣಿನ ಕೈ! ವ್ಯಾಪಾರಿ ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಸುತ್ತಲಿದ್ದವರೆಲ್ಲ ನಗತೊಡಗಿದಾಗ ಬೇರೆ ದಾರಿಯಿಲ್ಲದೆ ದರವನ್ನು ಗಟ್ಟಿಯಾಗಿ ಕೂಗಿದ. ಹಿಂದಿನಿಂದ ಇನ್ನೊಬ್ಬ ಅದಕ್ಕಿಂತ ಹೆಚ್ಚಿಗೆ ಕೂಗಿದ.

"ಈಗ ಕೇಳಸ್ತು ನೋಡ್ರಿ" ಎಂದು ಅಜ್ಜಿ ಸೆರಗು ಸರಿಮಾಡಿಕೊಂಡಳು. ನನ್ನವ್ವನೇ ಗೆದ್ದಳೇನೋ ಎಂಬಷ್ಟು ಹೆಮ್ಮೆ ನನಗೆ.

ಅಂದಿನ ವರದಿಯಲ್ಲಿ ‘ಕ್ರಮ ಕೈಗೊಂಡ ಅಧಿಕಾರಿ’ ಎಂಬಲ್ಲಿ ಅವಳ ಹೆಸರು ಬರೆಯಬೇಕಿತ್ತು. ನನ್ನದನ್ನೇ ಬರೆದೆ, ಸಂಬಳ ಬರುವುದು ನನಗೆ ತಾನೆ.