ಇಪ್ಪತ್ತು ದಿನದ ಪೆಟ್ಟು

ಯಲಬುರ್ಗಾ ಕಚೇರಿಯ ತರ್ಜುಮೆ ಗುಮಾಸ್ತ ರಾಜಾಸಾಬನಿಗೆ ಕನಸು ಕನ್ನಡದಲ್ಲಿ ಬೀಳುತ್ತಿತ್ತು, ಎಚ್ಚರ ಉರ್ದುವಿನಲ್ಲಿ ಆಗುತ್ತಿತ್ತು. ನಿಜಾಮರ ಕಾಲ. ಹೈದರಾಬಾದಿನಿಂದ ಬಂದ ಮುನಸೀಫರಿಗೆ ಕನ್ನಡ ಬಾರದು, ಹೊಲದಿಂದ ಬಂದವರಿಗೆ ಉರ್ದು ಬಾರದು. ನಡುವೆ ಇವನೊಬ್ಬ, ಹದಿನೆಂಟು ವರ್ಷದಿಂದ ಈಚೆಯ ಮಾತನ್ನು ಆಚೆಗೆ ಹೊತ್ತು ಹಾಕುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆದರೆ ಸಾಕು, ಸಾಕ್ಷಿಗಳ ಮಾತುಗಳೆಲ್ಲ ಬೇವಿನ ಹೂವಿನ ಹಾಗೆ ಮೈಮೇಲೆ ಉದುರುತ್ತಿವೆ ಅನ್ನಿಸುತ್ತಿತ್ತು.

ಒಂದು ಮಾತು ಮಾತ್ರ ಎದೆಯಲ್ಲೇ ಉಳಿದಿತ್ತು. ಹಿಂದೊಮ್ಮೆ ಕುಷ್ಟಗಿ ಕಡೆಯ ಹೆಣ್ಣುಮಗಳೊಬ್ಬಳು "ಸಾಯೂಹಂಗ ಬಡದಾನ್ರಿ" ಅಂದಿದ್ದಳು. ನಮ್ಮ ಕಡೆ ನಾಲ್ಕು ಏಟು ಬಿದ್ದರೂ ಹಾಗೇ ಅನ್ನುತ್ತಾರೆ. ಇವನು 'ಕೊಲ್ಲಲೆಂದೇ ಹೊಡೆದ' ಎಂದು ಉರ್ದು ಮಾಡಿಬಿಟ್ಟ. ಹೊಡೆದವನು ವರ್ಷಗಟ್ಟಲೆ ಒಳಗೆ ಕೂತ. ಅಂದಿನಿಂದ ರಾಜಾಸಾಬ ತನ್ನ ನಾಲಿಗೆಗೆ ತಾನೇ ಹೆದರುತ್ತಿದ್ದ.

ಮೂವತ್ತೆಂಟರ ಹಿಂಗಾರಿ. ಅಳವಂಡಿ ಹಾದಿಯ ದುರಗಪ್ಪನನ್ನು ಒಡಹುಟ್ಟಿದ ತಮ್ಮ ಕಳಕಪ್ಪ ಬಾರಕೋಲಿನ ಹಿಡಿಯಿಂದ ಕೈಮೇಲೆ ಬಾರಿಸಿದ್ದ. ಯಾವ ಎತ್ತನ್ನು ಎಡಕ್ಕೆ ಹೂಡಬೇಕು ಎಂಬುದಕ್ಕೆ ಅಷ್ಟು ದೊಡ್ಡ ಜಗಳ. ಕಾನೂನಿನಲ್ಲಿ ಪೆಟ್ಟು ಎರಡು ಥರ. ಖಫೀಫ್ ಅಂದರೆ ಸಣ್ಣದು, ದಂಡವೋ ಕೆಲವು ತಿಂಗಳೋ ಆದೀತು. ಶದೀದ್ ಅಂದರೆ ಭಾರಿ, ವರ್ಷಗಟ್ಟಲೆ ಜೈಲು. ಎಲುಬು ಮುರಿದಿಲ್ಲ, ಹಲ್ಲು ಬಿದ್ದಿಲ್ಲ ಎಂದು ಡಾಕ್ಟರು ಬರೆದಿದ್ದರು. ಉಳಿದದ್ದು ಒಂದೇ ಅಳತೆ: ಪೆಟ್ಟಿನಿಂದ ಇಪ್ಪತ್ತು ದಿನ ನಿತ್ಯದ ಕೆಲಸ ನಿಂತಿತ್ತೇ? ನಿಂತಿದ್ದರೆ ಶದೀದ್.

ಮುನಸೀಫರು ಕೇಳಿದ ಅದನ್ನೇ ರಾಜಾಸಾಬ ಕನ್ನಡದಲ್ಲಿ ಕೇಳಿದ. "ಇಪ್ಪತ್ತು ದಿನಾನೂ ಹೊಲದ ಕೆಲಸ ನಿಂತೈತ್ರಿ," ಅಂದ ದುರಗಪ್ಪ.

ಕಟಕಟೆಯಲ್ಲಿ ಕಳಕಪ್ಪ ತಲೆ ತಗ್ಗಿಸಿದ. ಮುನಸೀಫರು ಲೇಖನಿ ಹಿಡಿದು ತರ್ಜುಮೆಗೆ ಕಾದರು. ಆಡಿದ್ದನ್ನು ಹೇಳುವುದಷ್ಟೇ ರಾಜಾಸಾಬನ ಕೆಲಸ, ತಾನಾಗಿ ಪ್ರಶ್ನೆ ಹಾಕುವ ಹಾಗಿಲ್ಲ. ಆದರೂ ನಿದ್ದೆಗಣ್ಣಿನಲ್ಲಿ ಮಾತಾಡಿದವನ ಹಾಗೆ ಬಾಯಿ ತಾನೇ ತೆರೆಯಿತು.

"ಯಾಕಪಾ ನಿಂತೈತಿ? ಕೈ ನೋವಿಗೇನು?"

"ಕೈ ಮೂರು ದಿನಕ್ಕ ಛಲೋ ಆತ್ರಿ. ಕೂರಿಗಿ ಹೊಡಿಯಾಕ ಒಬ್ಬ, ಬೀಜಾ ಬಿಡಾಕ ಒಬ್ಬ ಬೇಕಲ್ರಿ. ಮನ್ಯಾಗ ನಾವಿಬ್ಬರ. ತಮ್ಮನ್ನ ನೀವು ಒಳಗ ಹಾಕೀರಿ, ನಾ ಒಬ್ಬಾವ ಹೆಂಗ ಬಿತ್ತಲಿ?"

ರಾಜಾಸಾಬ ಒಂದಕ್ಷರ ಬಿಡದೆ ಅದನ್ನು ಉರ್ದುವಿಗೆ ತಂದ. ಪ್ರಶ್ನೆ ಹಾಕಿದ್ದಕ್ಕೆ ಬೈಸಿಕೊಂಡ. ಆ ಬೈಗುಳವೂ ದೂರದಲ್ಲೆಲ್ಲೋ ಮಳೆ ಸುರಿದಂತೆ ಹಿತವಾಗಿ ಕೇಳಿತು, ಅಷ್ಟು ಸಮಾಧಾನವಾಗಿತ್ತು ಅವನಿಗೆ. ಮುನಸೀಫರು ಖಫೀಫ್ ಎಂದು ಬರೆದು, ಒಳಗಿದ್ದ ದಿನಗಳೇ ಶಿಕ್ಷೆಗೆ ಸಾಕೆಂದು ಕಳಕಪ್ಪನನ್ನು ಬಿಟ್ಟರು.

ಕಚೇರಿಯ ಮೆಟ್ಟಿಲ ಮೇಲೆ ದುರಗಪ್ಪ ತಮ್ಮನ ಮುಖ ನೋಡಲಿಲ್ಲ. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು, ಹಸಿ ಎರೆಭೂಮಿಯ ಕಡೆ ತಿರುಗಿ ಹೇಳಿದ:

"ನಿನ್ನ ಮ್ಯಾಲಿನ ಸಿಟ್ಟು ಹಂಗ ಐತಿ. ನಡಿ, ಹದ ಆರತೈತಿ."